ಉಬುಂಟುವಿನಲ್ಲಿ ಎನ್‌ವಿಡಿಯಾ ಡ್ರೈವರ್: ವರ್ಷಗಟ್ಟಲೆ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ: ಲಿನಕ್ಸಿನ ಉಬುಂಟುವಿನಲ್ಲಿ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಬಳಸುವವರು ಕಂಪನಿಯ ವೆಬ್‌ಸೈಟಿನ ರನ್ ಫೈಲ್ (ನೇರ ಇನ್‌ಸ್ಟಾಲರ್) ಇಳಿಸಿಕೊಳ್ಳಬೇಡಿ, ಉಬುಂಟುವಿನದೇ ಪ್ಯಾಕೇಜ್ ಭಂಡಾರವಾದ ರೆಪಾಸಿಟರಿಯಿಂದಲೇ ಡ್ರೈವರ್ ಹಾಕಿ. ಹಾಕಿದ ದಿನ ಎರಡೂ ಒಂದೇ ಥರ ಓಡುತ್ತವೆ. ವ್ಯತ್ಯಾಸ ಗೊತ್ತಾಗುವುದು ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಅಪ್‌ಡೇಟ್ ಆದಾಗ. ಕರ್ನಲ್ಲಿಗೆ ಸೇರಿಕೊಳ್ಳುವ ಡ್ರೈವರಿನ ಭಾಗ, ಅಂದರೆ ಮಾಡ್ಯೂಲ್, ಆಯಾ ಕರ್ನಲ್ಲಿಗೆಂದೇ ತಯಾರಾಗಿರಬೇಕು. ರೆಪಾಸಿಟರಿಯಿಂದ ಹಾಕಿದ್ದರೆ ಹೊಸ ಕರ್ನಲ್ ಜೊತೆಗೇ ಮಾಡ್ಯೂಲೂ ಬರುತ್ತದೆ, ಇಲ್ಲವೇ ಡಿಕೆಎಂಎಸ್ ಎಂಬ ಸಾಧನ ಅದನ್ನು ನಿಮ್ಮ ಯಂತ್ರದಲ್ಲೇ ಕಂಪೈಲ್ ಮಾಡಿಕೊಳ್ಳುತ್ತದೆ. ರನ್ ಫೈಲನ್ನು ಡಿಕೆಎಂಎಸ್ ಇಲ್ಲದೆ ಹಾಕಿದ್ದರೆ ರೀಬೂಟ್ ಆದಮೇಲೆ ಕಪ್ಪು ಪರದೆಯೇ ಗತಿ.

ಕೆಲಸ ಸರಳ. ಟರ್ಮಿನಲ್‌ನಲ್ಲಿ 'ಉಬುಂಟು-ಡ್ರೈವರ್ಸ್ ಡಿವೈಸಸ್' ಕೊಟ್ಟರೆ ಕಾರ್ಡಿಗೆ ಹೊಂದುವ ಆವೃತ್ತಿಗಳ ಪಟ್ಟಿ ಬರುತ್ತದೆ. 'ಸುಡೊ ಉಬುಂಟು-ಡ್ರೈವರ್ಸ್ ಇನ್‌ಸ್ಟಾಲ್' ಕೊಟ್ಟು ರೀಬೂಟ್ ಮಾಡಿ. ಆಮೇಲೆ 'ಎನ್‌ವಿಡಿಯಾ-ಎಸ್‌ಎಂಐ' ಕೊಟ್ಟಾಗ ಕಾರ್ಡಿನ ಹೆಸರು, ಡ್ರೈವರ್ ಆವೃತ್ತಿ ಕಂಡರೆ ಆಯಿತು.

ಎಡವುವ ಜಾಗ ಸೆಕ್ಯೂರ್ ಬೂಟ್, ಅಂದರೆ ನಂಬಿದ ಸಹಿ ಇಲ್ಲದ ಕೋಡನ್ನು ತಡೆಯುವ ವ್ಯವಸ್ಥೆ. ಡಿಕೆಎಂಎಸ್ ಕಂಪೈಲ್ ಮಾಡಿದ ಮಾಡ್ಯೂಲಿಗೆ ನಿಮ್ಮ ಯಂತ್ರದ್ದೇ ಕೀಲಿಯ ಸಹಿ ಇರುತ್ತದೆ; ಆ ಕೀಲಿಯನ್ನು ಫರ್ಮ್‌ವೇರಿನಲ್ಲಿ ನೋಂದಾಯಿಸದೆ ಮಾಡ್ಯೂಲ್ ಲೋಡ್ ಆಗುವುದಿಲ್ಲ. ಇನ್‌ಸ್ಟಾಲ್ ಆಗುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಬೂಟ್‌ನಲ್ಲಿ ನೀಲಿ ಪರದೆ ಬಂದಾಗ 10 ಸೆಕೆಂಡಿನೊಳಗೆ ಯಾವುದಾದರೂ ಕೀ ಒತ್ತಿ, 'ಎನ್‌ರೋಲ್ ಎಂಒಕೆ' (ಎಂಒಕೆ ಎಂದರೆ ಯಂತ್ರದ ಮಾಲೀಕರ ಕೀಲಿ) ಆರಿಸಿ, ಅದೇ ಪಾಸ್‌ವರ್ಡ್ ಕೊಡಿ. ಸುಮ್ಮನೆ ಕೂತರೆ ಆ ಪರದೆ ತಾನಾಗಿ ಹೋಗಿಬಿಡುತ್ತದೆ, ಕೀಲಿ ನೋಂದಣಿಯಾಗುವುದಿಲ್ಲ. ಮಾಡ್ಯೂಲನ್ನು ಲೋಡ್ ಮಾಡಲು 'ಸುಡೊ ಮಾಡ್‌ಪ್ರೋಬ್ ಎನ್‌ವಿಡಿಯಾ' ಕೊಟ್ಟಾಗ 'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್' ಎಂದು ಬಂದರೆ ಕಾರಣ ಇದೇ. ಡ್ರೈವರ್ ಕಿತ್ತು ಮತ್ತೆ ಹಾಕುವ ಅಗತ್ಯವಿಲ್ಲ, ಕೀಲಿ ನಿರ್ವಹಿಸುವ 'ಮಾಕ್‌ಯುಟಿಲ್' ಆದೇಶದಿಂದ ಕೀಲಿಯನ್ನು ಮತ್ತೊಮ್ಮೆ ಇಂಪೋರ್ಟ್ ಮಾಡಿ ರೀಬೂಟ್ ಮಾಡಿದರೆ ಸಾಕು.

ಹೆಸರಿನ ಕೊನೆಗೆ 'ಓಪನ್' ಎಂದಿರುವ ಪ್ಯಾಕೇಜ್ ಜಿಟಿಎಕ್ಸ್ 16, ಆರ್‌ಟಿಎಕ್ಸ್ 20 ಮತ್ತು ಅದರಾಚೆಯ ಕಾರ್ಡುಗಳಿಗೆ. ಆರ್‌ಟಿಎಕ್ಸ್ 50 ಸರಣಿಗಂತೂ ಅದೇ ಬೇಕು. ಜಿಟಿಎಕ್ಸ್ 10 ಸರಣಿಗೆ ಅದು ನಡೆಯುವುದಿಲ್ಲ. ಆ ಕಾರ್ಡುಗಳಿಗೆ 580 ಸರಣಿಯ ಡ್ರೈವರೇ ಕೊನೆಯದು. ವೇಲ್ಯಾಂಡ್ (ಪರದೆಗೆ ಚಿತ್ರ ಕಳಿಸುವ ಹೊಸ ವ್ಯವಸ್ಥೆ) ಬಳಸುವವರು 555ಕ್ಕಿಂತ ಹಳೆಯದನ್ನು ಇಟ್ಟುಕೊಳ್ಳಬೇಡಿ. 2024ರಲ್ಲಿ ಬಂದ ಆ ಆವೃತ್ತಿಯಿಂದಲೇ ಎಕ್ಸ್‌ಪ್ಲಿಸಿಟ್ ಸಿಂಕ್ (ಚಿತ್ರ ಪೂರ್ತಿ ಸಿದ್ಧವಾದ ಮೇಲೆಯೇ ತೋರಿಸುವ ಹೊಂದಾಣಿಕೆ) ಶುರುವಾಗಿ ಪರದೆ ಮಿನುಗುವ ಕಾಟ ತಗ್ಗಿದ್ದು.

ಕಾರ್ಡಿನಲ್ಲಿ ಲೆಕ್ಕಾಚಾರ ಓಡಿಸುವ ಎನ್‌ವಿಡಿಯಾದ 'ಕೂಡಾ' (CUDA) ತಂತ್ರಾಂಶ ಬೇಡದವರಿಗೆ ಎಎಂಡಿ ಕಾರ್ಡೇ ಸುಖ ಎಂಬುದು ನನ್ನ ಅಭಿಪ್ರಾಯ. ಅದರ ಡ್ರೈವರ್ ಕರ್ನಲ್ ಮತ್ತು ಮೆಸಾ ಎಂಬ ಗ್ರಾಫಿಕ್ಸ್ ಲೈಬ್ರರಿಯಲ್ಲೇ ಇದೆ, ಬೇರೆ ಹಾಕುವ ಮಾತೇ ಇಲ್ಲ.

ಸಸ್ಪೆಂಡ್‌ನಿಂದ ಎದ್ದಾಗ ಚಿತ್ರ ಕಲಸಿಹೋದರೆ, ವಿಡಿಯೊ ಮೆಮೊರಿಯಲ್ಲಿದ್ದದ್ದು ಉಳಿದಿಲ್ಲ ಎಂದರ್ಥ. ಮಾಡ್ಯೂಲುಗಳ ಆಯ್ಕೆ ಬರೆಯುವ ಮಾಡ್‌ಪ್ರೋಬ್ ಕಾನ್ಫಿಗ್‌ನಲ್ಲಿ 'ಪ್ರಿಸರ್ವ್ ವಿಡಿಯೊ ಮೆಮೊರಿ ಅಲೊಕೇಷನ್ಸ್' ಆಯ್ಕೆಯನ್ನು 1 ಮಾಡಿ, ಹಿನ್ನೆಲೆ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಎನ್‌ವಿಡಿಯಾ ಸಸ್ಪೆಂಡ್, ರೆಸ್ಯೂಮ್ ಸೇವೆಗಳನ್ನು ಎನೇಬಲ್ ಮಾಡಿ. ಆ ಮೆಮೊರಿ ಸಾಮಾನ್ಯವಾಗಿ ಟೆಂಪ್ ಫೋಲ್ಡರಿಗೆ ಹೋಗುತ್ತದೆ. ಟೆಂಪ್ ರ್‍ಯಾಮ್‌ನಲ್ಲೇ ಇದ್ದು ಜಾಗ ಸಾಲದಿದ್ದರೆ 'ಟೆಂಪರರಿ ಫೈಲ್ ಪಾತ್' ಆಯ್ಕೆಯಲ್ಲಿ ಡಿಸ್ಕಿನ ಫೋಲ್ಡರ್ ಕೊಟ್ಟು, 'ಅಪ್‌ಡೇಟ್-ಇನಿಟ್‌ರ್‍ಯಾಮ್‌ಎಫ್‌ಎಸ್' (ಬೂಟ್ ಆಗುವಾಗ ಬಳಸುವ ಫೈಲನ್ನು ಹೊಸದಾಗಿ ಮಾಡುವ ಆದೇಶ) ಓಡಿಸಿ ರೀಬೂಟ್ ಮಾಡಿ.