ಬ್ಯಾಂಡ್ ನೋಟೇಶನ್‌ಗೆ ಮ್ಯೂಸ್‌ಸ್ಕೋರ್: 2019ರಿಂದ ಬಳಸಿದ ಮೇಲೆ

ಬೆಳಗಾವಿಯಲ್ಲಿ ನಮ್ಮದೊಂದು ಸಣ್ಣ ಬ್ರಾಸ್ ಬ್ಯಾಂಡ್ ಇದೆ. ಗಣೇಶೋತ್ಸವ, ಮದುವೆ ಸೀಸನ್ ಬಂತೆಂದರೆ ಪುರುಸೊತ್ತೇ ಇರುವುದಿಲ್ಲ. ನೋಟೇಶನ್, ಅಂದರೆ ಪ್ರತಿ ವಾದ್ಯದವರಿಗೂ ಸ್ವರಗಳ ಹಾಳೆ, ಬರೆಯುವ ಕೆಲಸ ನನ್ನದು. 2019ರಿಂದ ಅದಕ್ಕೆ ಮ್ಯೂಸ್‌ಸ್ಕೋರ್ ಎಂಬ ಕಂಪ್ಯೂಟರ್ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. ಮೊದಲು ಮೂರನೇ ಆವೃತ್ತಿ ಇತ್ತು, 2022ರ ಡಿಸೆಂಬರ್‌ನಲ್ಲಿ ನಾಲ್ಕನೆಯದು ಬಂದ ಮೇಲೆ ಅದಕ್ಕೆ ಬದಲಾದೆ. ದುಡ್ಡು ಕೊಡಬೇಕಿಲ್ಲ.

ಜಾಸ್ತಿ ಉಪಯೋಗಕ್ಕೆ ಬಂದಿದ್ದು ಸ್ಕೇಲ್ ಬದಲಾಗುವ ಕಡೆ. ಕೊನೆಯ ಚರಣಕ್ಕೆ ಸ್ಕೇಲ್ ಏರಿಸುವುದು ನಮ್ಮಲ್ಲಿ ರೂಢಿ. ಹಾರ್ಮೋನಿಯಂನವರು ಬಿಳಿ ನಾಲ್ಕರಿಂದ ಬಿಳಿ ಐದು ಅಂತಾರಲ್ಲ, ಅದು ಎಫ್‌ನಿಂದ ಜಿ. ಆದರೆ ಬಿ ಫ್ಲಾಟ್ ಟ್ರಂಪೆಟ್, ಆಲ್ಟೊ ಸ್ಯಾಕ್ಸ್‌ನಂಥ ವಾದ್ಯಗಳಲ್ಲಿ ಬರೆದ ಸ್ವರಕ್ಕಿಂತ ಕೇಳುವ ಸ್ವರ ಕೆಳಗಿರುತ್ತದೆ. ಹಾಗಾಗಿ ಟ್ರಂಪೆಟ್‌ನ ಹಾಳೆಯಲ್ಲಿ ಅದೇ ಜಿಯಿಂದ ಎ ಆಗುತ್ತದೆ, ಒಂದು ಶಾರ್ಪ್ (ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ ಗುರುತು) ಹೋಗಿ ಮೂರು. ಆಲ್ಟೊ ಸ್ಯಾಕ್ಸ್‌ಗೆ ಡಿಯಿಂದ ಇ, ಎರಡು ಹೋಗಿ ನಾಲ್ಕು. ಈಗ ಒಂದು ಕಡೆ ಕೀ, ಅಂದರೆ ಸ್ಕೇಲಿನ ಗುರುತು, ಬದಲಿಸಿದರೆ ಎಲ್ಲರ ಹಾಳೆಯಲ್ಲೂ ಸರಿಯಾಗಿ ಬರುತ್ತದೆ.

ಹೊಸ ಕೀ ಮುಂದಿನ ಸಾಲಿಗೆ ಬಿದ್ದರೆ, ಹಿಂದಿನ ಸಾಲಿನ ತುದಿಯಲ್ಲೇ ಅದರ ಗುರುತು ಕಾಣುತ್ತದೆ. ಒಮ್ಮೆ ಜಾಗ ಉಳಿಯಲಿ ಅಂತ ನಾನದನ್ನು ಆಫ್ ಮಾಡಿದ್ದೆ. ಪುಟ ತಿರುಗಿಸಿದ ಟ್ರಂಪೆಟ್‌ನವರು ಹಳೇ ಸ್ಕೇಲಿನಲ್ಲೇ ಮುಂದುವರಿದರು. ಸಿ ಶಾರ್ಪ್ ಬರಬೇಕಾದಲ್ಲಿ ಬರೀ ಸಿ ಬಂತು. ಶುದ್ಧ ಗಾಂಧಾರದ ಜಾಗದಲ್ಲಿ ಕೋಮಲ ಗಾಂಧಾರ! ಆಮೇಲೆ ಆ ಸೆಟ್ಟಿಂಗ್ ಮುಟ್ಟಿಲ್ಲ.

ಬಾರ್ (ಎರಡು ಲಂಬ ಗೆರೆಗಳ ನಡುವಿನ ಭಾಗ) ಒಳಗೆ ಹಾಕಿದ ಶಾರ್ಪ್ ಆ ಬಾರ್ ಮುಗಿಯುವ ತನಕ ಮಾತ್ರ, ಅದೂ ಅದೇ ಆಕ್ಟೇವ್‌ಗೆ (ಸಪ್ತಕಕ್ಕೆ). ಸಾಫ್ಟ್‌ವೇರ್ ಈ ನಿಯಮ ಪಾಲಿಸುತ್ತದೆ. ಆದರೆ ಮಿಲಿಟರಿ ಬ್ಯಾಂಡಿನಿಂದ ರಿಟೈರ್ ಆಗಿ ಬಂದ ನಮ್ಮ ಕಾಕಾ ಒಮ್ಮೆ ಹಾಳೆಯಲ್ಲಿ ಮುಂದಿನ ಬಾರ್‌ನ ಗುರುತಿಲ್ಲದ ಅದೇ ಸ್ವರ ತೋರಿಸಿ ಹೇಳಿದರು: "ರೂಲ್ ನನಗೂ ಗೊತ್ತೈತಿ ತಮ್ಮಾ. ನಡಕೋತ ನುಡಿಸೋ ಮುಂದ ಕಣ್ಣಿಗೆ ಕಾಣಬೇಕಲ್ಲ?" ಕಾಕಾನ ಮಾತು ನಿಜ, ಅಲ್ವಾ? ಅವತ್ತಿನಿಂದ ಮುಂದಿನ ಬಾರ್‌ನಲ್ಲಿ ಅದೇ ಸ್ವರ ಬಂದರೆ ಕಂಸದೊಳಗೆ ನ್ಯಾಚುರಲ್ (ಶಾರ್ಪ್ ಇಲ್ಲ ಎಂಬ) ಗುರುತನ್ನು ಕೈಯಾರೆ ಹಾಕುತ್ತೇನೆ. ಸಾಫ್ಟ್‌ವೇರ್‌ನ ಗುರುತುಗಳ ಪಟ್ಟಿಯಲ್ಲಿ (ಪ್ಯಾಲೆಟ್) ಕಂಸವೂ ಇದೆ.

ಕಂಪ್ಯೂಟರ್‌ಗೆ ಸ್ವರಗಳನ್ನು ನಂಬರ್ ರೂಪದಲ್ಲಿ ಕಳಿಸುವ ಮಿಡಿ ಕೀಬೋರ್ಡ್‌ನಿಂದ ನುಡಿಸಿ ತುಂಬಿಸುವವರು ಒಂದು ನೋಡಿಕೊಳ್ಳಿ. ಎ ಶಾರ್ಪ್, ಬಿ ಫ್ಲಾಟ್ ಎರಡೂ ಮಿಡಿಗೆ ಒಂದೇ ನಂಬರ್. ಎಫ್ ಸ್ಕೇಲಿನ ಹಾಡಿನಲ್ಲಿ ಬಿ ಫ್ಲಾಟ್ ಬದಲು ಸುಮ್ನೆ ಎ ಶಾರ್ಪ್ ಬಂದು ಕೂತರೆ ಓದುವವರು ತಡವರಿಸುತ್ತಾರೆ. ಸ್ವರ ಆರಿಸಿ ಜೆ ಒತ್ತಿದರೆ ಬರಹ ಬದಲಾಗುತ್ತದೆ, ನಾದ ಅದೇ ಇರುತ್ತದೆ. ಪ್ರಿಂಟ್‌ಗೆ ಕಳಿಸುವ ಮುಂಚೆ ನಾನು ಪ್ರತಿ ಹಾಳೆಯನ್ನೂ ಬೇರೆ ಬೇರೆಯಾಗಿ ತೆರೆದು ಇದನ್ನು ನೋಡುತ್ತೇನೆ, ಟ್ರಂಪೆಟ್‌ನದ್ದು ಮೊದಲು.