ಸಿಟಿ ಹೈಬ್ರಿಡ್: ಕರಾವಳಿಯ ಮಳೆ, ಟ್ರಾಫಿಕ್, ಘಾಟಿ ಕಂಡ ಮೇಲೆ

2023ರ ಮಾರ್ಚ್‌ನಲ್ಲಿ ಬಂತಲ್ಲ, ಹೋಂಡಾ ಸಿಟಿ ಇ:ಎಚ್‌ಇವಿಯ (ಪೆಟ್ರೋಲ್ ಎಂಜಿನ್ ಜೊತೆ ಎಲೆಕ್ಟ್ರಿಕ್ ಮೋಟಾರೂ ಇರುವ ಹೈಬ್ರಿಡ್ ಸಿಟಿ) ಫೇಸ್‌ಲಿಫ್ಟ್, ಅಂದರೆ ಹೊಸ ರೂಪ, ಅದರ ಮೇಲಿನ ದರ್ಜೆಯ ಝಡ್‌ಎಕ್ಸ್ ನನ್ನದು. ಓಡಾಟ ಹೆಚ್ಚಾಗಿ ಮಂಗಳೂರಿನ ಒಳಗೆ. ಅಪ್ಪ ಅಮ್ಮ ಉಡುಪಿಯಲ್ಲಿರುವುದರಿಂದ ಅತ್ತ ಕಡೆ ಹೋಗಿಬರುವುದು ಇದ್ದೇ ಇದೆ. ಆಗಾಗ ಆಗುಂಬೆ ಹತ್ತಿ ಶಿವಮೊಗ್ಗಕ್ಕೂ ಹೋಗುತ್ತೇನೆ. ಕೇಳುವವರೆಲ್ಲ ಮೊದಲು ಮೈಲೇಜ್ ಕೇಳುತ್ತಾರೆ. ನನ್ನ ಪ್ರಕಾರ, ನಿಧಾನಕ್ಕೆ ಹೋಗಬೇಕಾದ ಕಡೆಯೇ ಈ ಕಾರಿನ ನಿಜವಾದ ಗುಣ ಗೊತ್ತಾಗುವುದು.

ಹೊರಗಿನ ಡಿಸೈನ್‌ನಲ್ಲಿ ಭಾರಿ ಬದಲಾವಣೆ ಇಲ್ಲ. ಗ್ರಿಲ್ ಮತ್ತು ಬಂಪರ್ ಬೇರೆಯಾಗಿವೆ, ಮುಂದಿನ ದಪ್ಪ ಕ್ರೋಮ್ ಪಟ್ಟಿ ತೆಳ್ಳಗಾಗಿದೆ, ಅಬ್ಸಿಡಿಯನ್ ಬ್ಲೂ ಎಂಬ ಬಣ್ಣ ಸೇರಿದೆ. ಚಂದ ಉಂಟು, ಅಷ್ಟೇ. ಒಳಗೆ ಸೇರಿದ್ದು ಮಾತ್ರ ದಿನವೂ ಉಪಯೋಗಕ್ಕೆ ಬರುತ್ತದೆ. ವೈರ್‌ಲೆಸ್ ಚಾರ್ಜರ್ ಬಂತು, ಆಂಡ್ರಾಯ್ಡ್ ಆಟೋಗೆ ವೈರ್ ಬೇಡವಾಯಿತು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಳೆ ಬಿದ್ದರೆ ತಾನೇ ಓಡುವ ವೈಪರ್. ಜುಲೈಯಲ್ಲಿ ಉಡುಪಿಗೆ ಹೋಗಿ ನೋಡಿ: ಕೂಳೂರು ಸೇತುವೆಯಲ್ಲಿ ಬಿಸಿಲು, ಸುರತ್ಕಲ್‌ನಲ್ಲಿ ಜಡಿಮಳೆ, ಮೂಲ್ಕಿ ದಾಟುವಾಗ ಬರೀ ಹನಿ. ಪಕ್ಕದ ಲಾರಿ ಕೆಸರು ನೀರು ಎರಚಿದಾಗಲೂ ಕೈ ಸ್ಟೀರಿಂಗ್ ಮೇಲೆಯೇ ಇರುತ್ತದೆ. ವೈಪರ್ ತಾನಾಗಿಯೇ ವೇಗ ಹೆಚ್ಚಿಸಿಕೊಂಡು ಗಾಜು ಒರೆಸುತ್ತದೆ.

ಇನ್ನು ಟ್ರಾಫಿಕ್. ಸಂಜೆ ಆರಕ್ಕೆ ನಂತೂರು ಸರ್ಕಲ್, ಆಮೇಲೆ ಪಂಪ್‌ವೆಲ್. ಮಾಮೂಲಿ ಕಾರಿನಲ್ಲಿ ಇದು ತಲೆನೋವು. ಇದರಲ್ಲಿ ಅಷ್ಟು ಹೊತ್ತೂ ಚಕ್ರ ತಿರುಗಿಸುವುದು ಮೋಟಾರ್. 1.5 ಲೀಟರ್ ಪೆಟ್ರೋಲ್ ಎಂಜಿನ್ ಬೇಕಾದಾಗ ಮಾತ್ರ ಎದ್ದು, ಜನರೇಟರ್ ಓಡಿಸಿ ಕರೆಂಟ್ ಮಾಡಿಕೊಟ್ಟು ಮತ್ತೆ ಸುಮ್ಮನಾಗುತ್ತದೆ. ಗೇರ್ ಬದಲಾಗುವ ಜಗ್ಗಾಟ ಇಲ್ಲವೇ ಇಲ್ಲ. ಮೋಟಾರಿನ ಟಾರ್ಕ್, ಅಂದರೆ ಎಳೆಯುವ ಬಲ, 253 ಎನ್‌ಎಂ, ಅದೂ ಕಾಲಿಟ್ಟ ಕ್ಷಣವೇ ಸಿಗುತ್ತದೆ. ಲೈಟ್‌ಹೌಸ್ ಹಿಲ್ ರಸ್ತೆಯ ಏರಿನಲ್ಲಿ ನಿಂತರೆ ಆಟೋ ಹೋಲ್ಡ್ ಬ್ರೇಕ್ ಹಿಡಿದುಕೊಳ್ಳುತ್ತದೆ, ಹಿಂದಿನ ಸ್ಕೂಟರಿನವರಿಗೂ ಹೆದರಿಕೆಯಿಲ್ಲ.

ಹೈವೇಯಲ್ಲಿ ಲೆಕ್ಕ ಬೇರೆ. ವೇಗ ಹಿಡಿದ ಮೇಲೆ ಒಂದು ಕ್ಲಚ್ ಸೇರಿಕೊಂಡು ಎಂಜಿನ್ ನೇರವಾಗಿ ಚಕ್ರ ತಿರುಗಿಸುತ್ತದೆ. ಬ್ರೇಕ್ ಹಾಕಿದಾಗ ಮೋಟಾರ್ ಕರೆಂಟ್ ಮಾಡಿ ಬ್ಯಾಟರಿಗೆ ತುಂಬುತ್ತದೆ; ಬ್ರೇಕ್ ಹಾಕುವುದು ಕಮ್ಮಿಯಾದರೆ ಬ್ಯಾಟರಿಗೆ ವಾಪಸ್ ಸಿಗುವುದೂ ಕಮ್ಮಿ. ಹಾಗಾಗಿ ನೂರರ ಆಸುಪಾಸಿನಲ್ಲಿ ಪಡುಬಿದ್ರಿ, ಕಾಪು ದಾಟುತ್ತಾ ಹೋದರೆ ನನಗೆ ಸಿಗುವುದು ಲೀಟರಿಗೆ 20ರ ಹತ್ತಿರ. ಊರೊಳಗೆ ಅದಕ್ಕಿಂತ ಜಾಸ್ತಿ ಸಿಗುತ್ತದೆ! ಕಂಪನಿ ಹೇಳುವ ಲೀಟರಿಗೆ 27.13 ಕಿ.ಮೀ. ಪರೀಕ್ಷೆಯ ಅಂಕಿ, ಎಸಿ ಹಾಕಿ ಓಡಾಡುವ ನಮಗೆ ಅದು ಸಿಗುವುದಿಲ್ಲ.

ಘಾಟಿ ಇಳಿಯುವಾಗ ಒಂದು ವಿಷಯ ತಿಳಿದಿರಲಿ. ಆಗುಂಬೆಯ ಹೇರ್‌ಪಿನ್ ತಿರುವುಗಳಲ್ಲಿ ನಾನು ಬಿ ಮೋಡ್ ಹಾಕುತ್ತೇನೆ. ಕಾಲು ತೆಗೆದರೆ ಸಾಕು, ಕಾರು ತಾನೇ ಹಿಡಿದಂತಾಗಿ ಬ್ಯಾಟರಿ ತುಂಬುತ್ತಾ ಬರುತ್ತದೆ. ಆದರೆ ಬ್ಯಾಟರಿ ಸಣ್ಣದು, ಬೇಗ ಫುಲ್ ಆಗುತ್ತದೆ. ಆಮೇಲೆ ಕಾಲು ಆಕ್ಸಿಲರೇಟರ್ ಮೇಲೆ ಇಲ್ಲದಿದ್ದರೂ ಎಂಜಿನ್ ಜೋರಾಗಿ ಗುಂಯ್ ಎನ್ನತೊಡಗುತ್ತದೆ. ಹಿಂದೆ ಕೂತಿದ್ದ ದೊಡ್ಡಮ್ಮ "ಎಂತ ಆಯ್ತು ಮಾರಾಯ, ಗಾಡಿ ಕೆಟ್ಟಿತಾ?" ಅಂತ ಗಾಬರಿಯಾದರು. ಕೆಟ್ಟದ್ದಲ್ಲ. ಹೆಚ್ಚಾದ ಕರೆಂಟಿನಲ್ಲಿ ಎಂಜಿನ್ ತಿರುಗಿಸಿ ಕಾರು ವೇಗವನ್ನು ತಡೆದುಕೊಳ್ಳುವ ವಿಧಾನ ಅದು. ಬ್ರೇಕ್ ಪ್ಯಾಡಿಗೆ ಎಷ್ಟು ಒಳ್ಳೆಯದು ನೋಡಿ.

ಹೋಂಡಾ ಸೆನ್ಸಿಂಗ್, ಅಂದರೆ ಮುಂದಿನ ರಸ್ತೆ ನೋಡಿ ಬ್ರೇಕ್, ವೇಗಕ್ಕೆ ನೆರವಾಗುವ ವ್ಯವಸ್ಥೆ, ಕೆಲಸ ಮಾಡುವುದು ಗಾಜಿನ ಹಿಂದಿರುವ ಕ್ಯಾಮೆರಾದಿಂದ. ಮಳೆ ದಟ್ಟವಾದರೆ ಯಾವ ಕ್ಯಾಮೆರಾಗೂ ಮುಂದಿನದು ಕಾಣುವುದಿಲ್ಲ. ಆದ್ದರಿಂದ ಮಳೆಗಾಲದಲ್ಲಿ, ಮುಂದಿನ ಗಾಡಿ ನೋಡಿ ವೇಗ ತಾನೇ ಹೊಂದಿಸಿಕೊಳ್ಳುವ ಅದರ ಕ್ರೂಸ್ ಕಂಟ್ರೋಲನ್ನು ನಂಬಿ ಕೂರಬೇಡಿ. ಡಿಸೆಂಬರ್‌ನಿಂದ ಮೇವರೆಗೆ ಖುಷಿಯಾಗಿ ಬಳಸಿ. ಎಡ ಕನ್ನಡಿಯ ಕೆಳಗಿದ್ದು ಎಡಬದಿಯನ್ನು ಪರದೆಯಲ್ಲಿ ತೋರಿಸುವ ಲೇನ್‌ವಾಚ್ ಕ್ಯಾಮೆರಾ ಮಾತ್ರ ನನಗೆ ವರ್ಷವಿಡೀ ಬೇಕು. ಎಡಗಡೆಯಿಂದ ನುಗ್ಗುವ ಬೈಕುಗಳು ನಮ್ಮಲ್ಲಿ ಎಷ್ಟು ಅಂತ ನಿಮಗೇ ಗೊತ್ತು, ಅಲ್ವಾ?

ಡಿಕ್ಕಿ 306 ಲೀಟರ್. ಪೆಟ್ರೋಲ್ ಸಿಟಿಯಲ್ಲಿ 506. ಬ್ಯಾಟರಿ ಆ ಜಾಗ ತಿಂದಿದೆ. ಗಲ್ಫ್‌ನಿಂದ ಬರುವವರನ್ನು ಬಜ್ಪೆ ಏರ್‌ಪೋರ್ಟ್‌ನಿಂದ ಕರೆತರುವ ಮನೆಗಳಿಗೆ ಇದು ಸಣ್ಣ ವಿಷಯವಲ್ಲ.

ಬೆಲೆಯ ಮಾತು. ಬಿಡುಗಡೆಯ ಹೊತ್ತಿಗೆ ಝಡ್‌ಎಕ್ಸ್‌ನ ಎಕ್ಸ್ ಶೋರೂಂ ಬೆಲೆ 20.39 ಲಕ್ಷ, ಪೆಟ್ರೋಲ್ ಆಟೋಮ್ಯಾಟಿಕ್‌ಗಿಂತ ನಾಲ್ಕು ಲಕ್ಷಕ್ಕೂ ಜಾಸ್ತಿ. ಅದರ ಮೇಲೆ ನಮ್ಮ ರೋಡ್ ಟ್ಯಾಕ್ಸ್. 2024ರಲ್ಲಿ ಉತ್ತರ ಪ್ರದೇಶ ಇದರಂತೆ ಮೋಟಾರಿನಿಂದಲೇ ಓಡಬಲ್ಲ ಸ್ಟ್ರಾಂಗ್ ಹೈಬ್ರಿಡ್‌ಗಳಿಗೆ ನೋಂದಣಿ ತೆರಿಗೆ ಮನ್ನಾ ಮಾಡಿತು, ನಾನು ತಗೊಂಡಾಗ ಇಲ್ಲಿ ಅಂಥದ್ದೇನೂ ಇರಲಿಲ್ಲ. ಓಡಾಟ ಕಮ್ಮಿ ಇದ್ದರೆ ಪೆಟ್ರೋಲ್ ಉಳಿತಾಯದಲ್ಲೇ ಆ ದುಡ್ಡು ವಾಪಸ್ ಬರುವುದು ಕಷ್ಟ. ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇದೆ, ಆ ಚಿಂತೆ ಬೇಡ.

ತಗೊಳ್ಳುವ ಯೋಚನೆ ಇದ್ದರೆ ಟೆಸ್ಟ್ ಡ್ರೈವ್ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಮಾಡಬೇಡಿ. ಸಂಜೆ ಆರಕ್ಕೆ ಕೇಳಿ, ನಂತೂರಿಗೇ ಹೋಗಿ. ಮನೆಯ ದೊಡ್ಡ ಸೂಟ್‌ಕೇಸನ್ನೂ ಜೊತೆಗೆ ಒಯ್ದು ಡಿಕ್ಕಿಯಲ್ಲಿ ಇಟ್ಟು ನೋಡಿ.