ಎ ಡ್ಯಾನ್ಸ್ ಆಫ್ ಫೈರ್ ಅಂಡ್ ಐಸ್: ಕೋನದಲ್ಲಿ ಅಳೆಯುವ ಲಯ

ಗೇಮ್ ಸಂಗೀತವನ್ನು ಹಿನ್ನೆಲೆಯ ಗದ್ದಲ ಅಂದುಕೊಂಡವರ ಕೈಗೆ ಮೊದಲು ಕೊಡಬೇಕಾದ ಗೇಮ್ ಇದು. ಸೆವೆಂತ್ ಬೀಟ್ ಗೇಮ್ಸ್ ತಂಡ 2019ರಲ್ಲಿ ಕಂಪ್ಯೂಟರ್ ಗೇಮ್‌ಗಳ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ತಂದಿತು, ಮೊಬೈಲ್‌ನಲ್ಲೂ ಸಿಗುತ್ತದೆ. ಒಳಗಿರುವುದು ಒಂದು ಕೆಂಪು ಗ್ರಹ, ಒಂದು ನೀಲಿ ಗ್ರಹ, ಚೌಕ ಜೋಡಿಸಿದ ದಾರಿ. ಒತ್ತಲು ಒಂದೇ ಬಟನ್. ಒಂದು ಗ್ರಹ ನಿಂತಿರುತ್ತದೆ, ಇನ್ನೊಂದು ಅದರ ಸುತ್ತ ತಿರುಗುತ್ತದೆ. ತಿರುಗುತ್ತಿರುವುದು ಮುಂದಿನ ಚೌಕದ ಮೇಲೆ ಬಂದಾಗ ಒತ್ತಿದರೆ ಅದು ಅಲ್ಲೇ ನಿಂತು, ಇಷ್ಟು ಹೊತ್ತು ನಿಂತಿದ್ದದ್ದು ತಿರುಗಲು ಶುರು ಮಾಡುತ್ತದೆ.

ದಾರಿ ನೇರವಾಗಿದ್ದರೆ ಗ್ರಹ ಪ್ರತಿ ಸಲ 180 ಡಿಗ್ರಿ ತಿರುಗಬೇಕು. ಅದು ಒಂದು ಬೀಟ್. ಒಳಮಗ್ಗುಲಲ್ಲಿ 90 ಡಿಗ್ರಿ ತಿರುವು ಬಂದರೆ ಅರ್ಧ ಬೀಟ್. ಅದೇ ತಿರುವನ್ನು ಗ್ರಹ ಹೊರಮಗ್ಗುಲಿಂದ ಸುತ್ತಿ ಬಂದರೆ 270 ಡಿಗ್ರಿ, ಅಂದರೆ ಒಂದೂವರೆ ಬೀಟ್. ಹಾಗಾಗಿ ಮೆಟ್ಟಿಲಿನಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮುರಿಯುವ ದಾರಿ ನೋಡಲು ಒಂದೇ ಸಮ, ಕೈಗೆ ಬರುವುದು ಮಾತ್ರ ಅರ್ಧ, ಒಂದೂವರೆ, ಅರ್ಧ, ಒಂದೂವರೆ. ಹೊಸಬರು ಮೊದಲು ಎಡವುವುದೇ ಇಲ್ಲಿ. ಕಣ್ಣಿಗೆ ಚೌಕಗಳ ನಡುವಿನ ದೂರ ಸಮ ಕಾಣುವುದರಿಂದ ಬೆರಳೂ ಸಮ ಅಂತರದಲ್ಲೇ ಒತ್ತುತ್ತದೆ. ನೋಡಬೇಕಾದದ್ದು ದೂರವನ್ನಲ್ಲ, ಕೋನವನ್ನು. ಸುರುಳಿ ಗುರುತಿನ ಚೌಕ ಬಂದರೆ ಗ್ರಹ ತಿರುಗುವ ದಿಕ್ಕೇ ಬದಲಾಗುತ್ತದೆ, ಒಳಗಿದ್ದದ್ದು ಹೊರಗಾಗುತ್ತದೆ. ಮೊಲದ ಚಿತ್ರ ವೇಗ ಏರಿಸುತ್ತದೆ, ಬಸವನಹುಳು ಇಳಿಸುತ್ತದೆ.

ನಮ್ಮ ತಾಳದ ಲೆಕ್ಕ ಗೊತ್ತಿದ್ದವರಿಗೆ ಇದು ಬೇಗ ಹತ್ತುತ್ತದೆ. 180ನ್ನು ಕೋನದಿಂದ ಭಾಗಿಸಿದರೆ ಒಂದು ಬೀಟ್‌ಗೆ ಎಷ್ಟು ಪೆಟ್ಟು ಅಂತ ಬರುತ್ತದೆ. 60 ಡಿಗ್ರಿಗೆ ಮೂರು, ಅದು ತಿಶ್ರ ನಡೆ. 45ಕ್ಕೆ ನಾಲ್ಕು, ಚತುರಶ್ರ. 36 ಡಿಗ್ರಿ ಇಟ್ಟರೆ ಐದು, ಖಂಡ. ಇನ್ನೂ ಚೆಂದದ ಲೆಕ್ಕ ಬಹುಭುಜಗಳದ್ದು. ತ್ರಿಕೋನವನ್ನು ಒಳಮಗ್ಗುಲಿಂದ ಒಂದು ಸುತ್ತು ಬಂದರೆ ಮೂರು ಪೆಟ್ಟು, ಒಂದು ಬೀಟ್. ಚೌಕಕ್ಕೆ ನಾಲ್ಕು ಪೆಟ್ಟು, ಎರಡು ಬೀಟ್. ಪಂಚಭುಜದ ಒಳಕೋನ 108 ಡಿಗ್ರಿ, ಸುತ್ತಿ ಮುಗಿಸುವಷ್ಟರಲ್ಲಿ ಐದು ಪೆಟ್ಟು ಮೂರು ಬೀಟ್‌ನಲ್ಲಿ ಬಿದ್ದಿರುತ್ತವೆ. ಷಡ್ಭುಜಕ್ಕೆ ಆರು ಪೆಟ್ಟು, ನಾಲ್ಕು ಬೀಟ್. ಭುಜಗಳ ಸಂಖ್ಯೆಯಲ್ಲಿ ಎರಡು ಕಳೆದರೆ ಬೀಟ್ ಎಷ್ಟು ಅಂತ ಸಿಗುತ್ತದೆ, ಹೊರಮಗ್ಗುಲಾದರೆ ಎರಡು ಕೂಡಿಸಬೇಕು. ಡ್ರಮ್ ಮೂರು ಎಣಿಸುವಾಗ ನಿಮ್ಮ ಬೆರಳು ಐದು ಎಣಿಸುವುದು ಪಾಲಿರಿದಮ್ ಅಲ್ಲದೆ ಇನ್ನೇನು? ಪುಸ್ತಕದಲ್ಲಿ ಓದಿದರೆ ತಲೆಬುಡ ಹತ್ತದ ವಿಷಯ ಇಲ್ಲಿ ಚಿತ್ರವಾಗಿ ಕಣ್ಣೆದುರು ಬರುತ್ತದೆ.

ಪ್ರತಿ ಲೋಕದಲ್ಲೂ ಮೊದಲು ಪುಟ್ಟ ಪಾಠದ ಹಂತಗಳು, ಕೊನೆಗೆ ಅವನ್ನೆಲ್ಲ ಸೇರಿಸಿದ ಪೂರ್ತಿ ಹಾಡು. ಮಾತಿನ ವಿವರಣೆ ತೀರಾ ಕಡಿಮೆ, ಆಕಾರ ತೋರಿಸಿ ಸುಮ್ಮನಾಗುತ್ತಾರೆ. ಅದು ಸರಿಯಾದ ದಾರಿಯೇ. ಎರಡನೇ ಲೋಕದ ಹೆಸರೇ ಆಫ್‌ಬೀಟ್ಸ್, ಅಂದರೆ ಬೀಟ್‌ಗಳ ನಡುವೆ ಬೀಳುವ ಪೆಟ್ಟುಗಳು. ಅದನ್ನು ಹಾರಿಸಿ ಮುಂದೆ ಹೋದವರು ಆಮೇಲೆ ವಾಪಸ್ ಬರಲೇಬೇಕಾಗುತ್ತದೆ.

ತಿಶ್ರದಲ್ಲಿ ಆಗುವ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತ್ರಿಕೋನದೊಳಗೆ ಮೂರೂ ಪೆಟ್ಟು ಸರಿಯಾಗಿ ಬೀಳುತ್ತವೆ, ನೇರ ದಾರಿಗೆ ಬಂದ ಕೂಡಲೇ ಮೊದಲ ಪೆಟ್ಟು ಬೇಗ ಬಿದ್ದು ತಪ್ಪಾಗುತ್ತದೆ. ಕಾರಣ ಸರಳ: ಬೆರಳು ಚಿಕ್ಕ ಪೆಟ್ಟುಗಳ ವೇಗಕ್ಕೆ ಒಗ್ಗಿರುತ್ತದೆ, ಮೂಲ ಬೀಟ್ ಎಣಿಸುವವರು ಯಾರೂ ಇರುವುದಿಲ್ಲ. ಆ ಕೆಲಸ ಕಾಲಿಗೆ ಕೊಡಿ. ಕಾಲು ಬೀಟ್ ತಟ್ಟುತ್ತಿರಲಿ, ಬಾಯಿ ಮೂರಕ್ಕೆ ‘ತಕಿಟ’, ನಾಲ್ಕಕ್ಕೆ ‘ತಕದಿಮಿ’, ಐದಕ್ಕೆ ‘ತಕತಕಿಟ’ ಅನ್ನುತ್ತಿರಲಿ. ತಪ್ಪು ಸಿಕ್ಕಾಪಟ್ಟೆ ಇಳಿಯುತ್ತದೆ. ಇನ್ನೊಂದು ತಪ್ಪು ಮೂರನ್ನು ಕುದುರೆ ಓಟದ ಹಾಗೆ ಉದ್ದ-ಗಿಡ್ಡ ಮಾಡಿ ಒತ್ತುವುದು. ಎರಡು ಬೆರಳು ಬದಲಾಯಿಸಿ ಆಡುವವರಲ್ಲಿ ಇದು ಹೆಚ್ಚು, ನಿಧಾನದ ಹಂತಗಳನ್ನು ಒಂದೇ ಬೆರಳಲ್ಲಿ ಆಡಿದರೆ ತಿದ್ದಿಕೊಳ್ಳುತ್ತದೆ.

ಇದೆಲ್ಲ ಸದ್ದು ಸರಿಯಾದ ಹೊತ್ತಿಗೆ ಕಿವಿಗೆ ಬಂದರೆ ಮಾತ್ರ. 150 ಬಿಪಿಎಂ (ನಿಮಿಷಕ್ಕೆ ಇಷ್ಟು ಬೀಟ್ ಅನ್ನುವ ಲೆಕ್ಕ) ಹಾಡಿನಲ್ಲಿ ಒಂದು ಬೀಟ್ ಅಂದರೆ 400 ಮಿಲಿಸೆಕೆಂಡ್, ಅರ್ಧ ಬೀಟ್ 200. ಬ್ಲೂಟೂತ್ ಇಯರ್‌ಫೋನ್‌ಗಳಲ್ಲಿ 150ರಿಂದ 250 ಮಿಲಿಸೆಕೆಂಡ್ ತಡ ಮಾಮೂಲು. ಅಂದರೆ ನೀವು ಕೇಳುತ್ತಿರುವುದು ಅರ್ಧ ಬೀಟ್ ಹಳೆಯ ಸದ್ದು. ಗೇಮ್‌ನಲ್ಲಿ ಕ್ಯಾಲಿಬ್ರೇಷನ್ ಇದೆ, ಬೀಟ್‌ಗೆ ಸರಿಯಾಗಿ ತಟ್ಟುತ್ತಾ ಹೋದರೆ ತಡವನ್ನು ಅದೇ ಅಳೆದುಕೊಳ್ಳುತ್ತದೆ. ಆದರೆ ಅದು ಸರಿ ಮಾಡುವುದು ಒಂದೇ ಸಮ ಇರುವ ತಡವನ್ನು. ಒಮ್ಮೆ ಜಾಸ್ತಿ ಒಮ್ಮೆ ಕಡಿಮೆ ಆಗುವ ತಡಕ್ಕೆ ಅದರಲ್ಲಿ ಮದ್ದಿಲ್ಲ. ಆದ್ದರಿಂದ ವೈರ್ ಇರುವ ಇಯರ್‌ಫೋನ್ ಹಾಕಿ, ಟಿವಿಗೆ ಜೋಡಿಸಿದ್ದರೆ ಗೇಮ್ ಮೋಡ್ ಆನ್ ಮಾಡಿ, ಇಯರ್‌ಫೋನ್ ಬದಲಿಸಿದಾಗಲೆಲ್ಲ ಮತ್ತೆ ಕ್ಯಾಲಿಬ್ರೇಟ್ ಮಾಡಿ. ಕ್ಯಾಲಿಬ್ರೇಟ್ ಮಾಡುವಾಗ ಕಣ್ಣು ಮುಚ್ಚಿಕೊಳ್ಳುವುದು ಲೇಸು. ಎಲ್ಲ ಪೆಟ್ಟುಗಳೂ ಒಂದೇ ಕಡೆಗೆ, ಬರೀ ಬೇಗ ಅಥವಾ ಬರೀ ತಡ ಅಂತ ಬರುತ್ತಿದ್ದರೆ ದೋಷ ಸೆಟ್ಟಿಂಗ್‌ನದ್ದು. ಎರಡೂ ಕಡೆ ಚದುರಿದ್ದರೆ ನಿಮ್ಮ ಲಯದ್ದು.

ಕೊರತೆಗಳೂ ಇವೆ. ಗೇಮ್ ಕರುಣೆ ಇಲ್ಲದ್ದು, ಒಂದು ಪೆಟ್ಟು ತಪ್ಪಿದರೂ ಹಿಂದಕ್ಕೆ ಅಟ್ಟುತ್ತದೆ. ಮುಂದಿನ ಲೋಕಗಳಲ್ಲಿ ಪರದೆ ಅಲುಗುವುದು, ಬೆಳಕು ಮಿಂಚುವುದು ಅತಿಯಾಗುತ್ತದೆ. ಮಿನುಗುವ ಬೆಳಕು ಆಗದವರು ದೂರವಿರಬೇಕು.

ದೊಡ್ಡ ಮಿತಿ ಅಂದರೆ ಹಾರ್ಮನಿ, ಅಂದರೆ ಹಲವು ಸ್ವರ ಒಟ್ಟಿಗೆ ಕೂಡಿ ನುಡಿಯುವುದು. ದಾರಿ ಕೆಲವು ಕಡೆ ಡ್ರಮ್ ಹಿಂದೆ ಹೋಗುತ್ತದೆ, ಕೆಲವು ಕಡೆ ರಾಗದ ಸಾಲಿನ ಹಿಂದೆ. ಕಿವಿ ಒಂದು ಪದರದಿಂದ ಇನ್ನೊಂದಕ್ಕೆ ದಾಟುವುದನ್ನು ಕಲಿಯುತ್ತದೆ, ನಿಜ. ಆದರೆ ಕಾರ್ಡ್ (ಹಾಗೆ ಕೂಡಿ ನುಡಿಯುವ ಸ್ವರಗಳ ಗುಂಪು) ಬದಲಾದದ್ದು ಬೆರಳಿಗೆ ತಿಳಿಯುವುದೇ ಇಲ್ಲ, ಬೆರಳು ಒತ್ತುವ ಪೆಟ್ಟಿನಲ್ಲಿ ಶ್ರುತಿ ಇಲ್ಲವಲ್ಲ. ಶ್ರುತಿಪೆಟ್ಟಿಗೆಯ ಒಂದೇ ಆಧಾರ ಸ್ವರಕ್ಕೆ ಪಳಗಿದ ಕಿವಿಗೆ, ಆಧಾರವೇ ಜರುಗುತ್ತಾ ಹೋಗುವ ಸಂಗೀತ ಬೇರೆ ಗೇಮ್‌ನಲ್ಲಿ ಕೇಳಿದರೆ ಸುಲಭ. 1996ರ ಸೂಪರ್ ಮಾರಿಯೋ 64ರ ಜಾಲಿ ರಾಜರ್ ಬೇ ಹಂತಕ್ಕೆ ಹೋಗಿ. ಕೋಜಿ ಕೊಂಡೊ ಮಾಡಿದ ಆ ಹಾಡು ದಡದಲ್ಲಿ ಬರೀ ಎಲೆಕ್ಟ್ರಿಕ್ ಪಿಯಾನೊ. ನೀರಿಗಿಳಿದರೆ ತಂತಿವಾದ್ಯಗಳ ಪದರ ಸೇರುತ್ತದೆ, ಗುಹೆ ಹೊಕ್ಕರೆ ಡ್ರಮ್. ಹಾಡು ನಡುವೆ ಎಲ್ಲೂ ತುಂಡಾಗುವುದಿಲ್ಲ. ನೀರಿನ ಅಂಚಲ್ಲಿ ಮೇಲೆ ಕೆಳಗೆ ಮಾಡುತ್ತಾ ತಳದ ಸ್ವರವನ್ನಷ್ಟೇ ಗುನುಗಿ ನೋಡಿ. ಅದು ಜರುಗಿದಾಗ ಮೇಲಿನ ರಾಗದ ಬಣ್ಣ ಹೇಗೆ ಬದಲಾಗುತ್ತದೆ ಅನ್ನುವುದು ಕಿವಿಗೇ ಸಿಗುತ್ತದೆ.

ಮೊಬೈಲ್‌ಗಿಂತ ಕಂಪ್ಯೂಟರ್ ಆವೃತ್ತಿ ಕೊಳ್ಳಲು ಒಂದು ಬಲವಾದ ಕಾರಣ ಅದರ ಲೆವೆಲ್ ಎಡಿಟರ್, ನಮ್ಮದೇ ಹಂತ ಕಟ್ಟುವ ಸಾಧನ. ಎಂಟು ದಿಕ್ಕಿಗೂ ಚೌಕ ಇಡಬಹುದು, ಹಾಗಾಗಿ 45 ಡಿಗ್ರಿಯನ್ನು ಒಂದು ಅಕ್ಷರ (ತಾಳದ ಒಂದು ಎಣಿಕೆ) ಅಂತ ಇಟ್ಟುಕೊಂಡರೆ ನಮ್ಮ ಚಾಪು ತಾಳಗಳು ಅದರಲ್ಲಿ ಕೂರುತ್ತವೆ. ಮಿಶ್ರ ಚಾಪು 3+2+2, ಅಂದರೆ 135, 90, 90. ಖಂಡ ಚಾಪು 2+1+2, ಅಂದರೆ 90, 45, 90. 60 ಬಿಪಿಎಂ ಕೊಟ್ಟರೆ ಮಿಶ್ರ ಚಾಪುವಿನ ಒಂದು ಆವರ್ತ, ಅಂದರೆ ತಾಳದ ಒಂದು ಪೂರ್ತಿ ಸುತ್ತು, 1.75 ಸೆಕೆಂಡ್ ಆಗುತ್ತದೆ. ಎಲ್ಲ ತಿರುವುಗಳನ್ನೂ ಒಂದೇ ಬದಿಗೆ ಬಾಗಿಸಿದರೆ ಎರಡನೇ ಆವರ್ತಕ್ಕೇ ದಾರಿ ತನ್ನ ಮೇಲೆ ತಾನೇ ಬಿದ್ದು ಗೋಜಲಾಗುತ್ತದೆ. ಪ್ರತಿ ಆವರ್ತ ಮುಗಿದಾಗ ಒಂದು ಸುರುಳಿ ಚೌಕ ಇಟ್ಟು ಮುಂದಿನದನ್ನು ಎದುರು ಬದಿಗೆ ಬಾಗಿಸಿ. ಹಾಡಿನ ಫೈಲ್ ಶುರುವಿನಲ್ಲಿ ಮೌನವಿದ್ದರೆ ಅದನ್ನು ಆಫ್‌ಸೆಟ್‌ನಲ್ಲಿ ಮಿಲಿಸೆಕೆಂಡ್ ಲೆಕ್ಕದಲ್ಲಿ ತುಂಬಬೇಕು. ಸಂಗೀತ ಕಚೇರಿಯ ರೆಕಾರ್ಡಿಂಗ್ ಹಾಕಲು ಹೋಗಬೇಡಿ. ಅಲ್ಲಿ ಕಾಲಪ್ರಮಾಣ ಒಂದೇ ಬಿಪಿಎಂಗೆ ಅಂಟಿಕೊಂಡಿರುವುದಿಲ್ಲ, ಕೆಲವೇ ಆವರ್ತಗಳಲ್ಲಿ ಚೌಕ ಒಂದು ಕಡೆ, ಮೃದಂಗ ಇನ್ನೊಂದು ಕಡೆ ಆಗುತ್ತದೆ. ಮೆಟ್ರೊನೋಮ್ ಇಟ್ಟುಕೊಂಡು ನುಡಿಸಿದ ಟ್ರ್ಯಾಕ್ ಆದರೆ ತೊಂದರೆಯಿಲ್ಲ.